ಮಳೆ ನಿಂತ ಮೇಲೆ

ಮೇಜಿನ ಸುತ್ತ ಕುಳಿತು, ಒಬ್ಬನು ಕಥೆಯನ್ನು ನಡೆಸಲು, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತನಾಡುವ ಆಟವೊಂದುಂಟು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇದನ್ನು ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇಪ್ಪತ್ತು ಮುಖದ ದಾಳ ಉರುಳಿದಂತೆ ವೀರನ ಭಾಗ್ಯ. ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ಕಥೆ ನಡೆಸುವ ಭಾರ ನನ್ನದು.

ಪಾಠ ಹೇಳುವವನಿಗೆ ತನ್ನ ಮಾತು ಸಾಲದೆಂಬ ಅಳುಕು ಇದ್ದದ್ದೇ. ಆದುದರಿಂದ ಮಳೆ, ಗುಡುಗು, ತೋಳದ ಊಳು ಎಲ್ಲವನ್ನೂ ಮೊಬೈಲಿನಲ್ಲಿ ಕೂಡಿಟ್ಟೆ. ಹಿಂದೆ ರೇಡಿಯೋ ನಾಟಕದವರು ತೆಂಗಿನ ಕರಟಗಳಿಂದ ಖುರಪುಟದ ಸದ್ದನ್ನೂ ತಗಡಿನ ಹಾಳೆಯಿಂದ ಗುಡುಗನ್ನೂ ಹುಟ್ಟಿಸುತ್ತಿದ್ದರು. ನನಗೋ ಬೆರಳು ಸೋಕಿಸಿದರೆ ಸಾಕು! ಕಾಡಿನ ನಡುವಣ ಪಾಳುಗುಡಿಯ ಪ್ರಸಂಗದಲ್ಲಿ ಮಳೆಯನ್ನು ಸುರಿಸಿಯೇ ಸುರಿಸಿದೆ. ಮಕ್ಕಳು ಹಿಗ್ಗಿದರು. ಅಕ್ಕನ ಮಗ ಮಾತ್ರ ತುಟಿ ಬಿಚ್ಚಲಿಲ್ಲ. ಮಾತು ತಡವರಿಸುವ ಹುಡುಗ. ಆ ಮಳೆಯನ್ನು ಮೀರಿ ಕೂಗುವುದು ಅವನಿಗೆ ಸಾಧ್ಯವೆ?

ಅದು ಹೊಳೆದೊಡನೆ ಮಳೆಯನ್ನು ನಿಲ್ಲಿಸಿದೆ. ಕೋಣೆ ನಿಶ್ಶಬ್ದವಾಯಿತು. ಎಲ್ಲರೂ ಕಿವಿಗೊಟ್ಟರು. ಆಗ ಅವನು, “ಬಾ... ಬಾಗಿಲ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ” ಎಂದ. ನನ್ನ ಗುಡುಗಿಗೆ ಬೆಚ್ಚದವರು ಆ ಮಾತಿಗೆ ಬೆಚ್ಚಿದರು.

ಯಕ್ಷಗಾನದಲ್ಲಿ ಯುದ್ಧಕ್ಕೆ ಮೊಳಗುವ ಚೆಂಡೆ ಪಾತ್ರಧಾರಿ ಅರ್ಥ ಹೇಳುವಾಗ ಸುಮ್ಮನಾಗುತ್ತದೆ. ಎಷ್ಟೋ ಸಲ ನೋಡಿದ್ದೆ. ಕಾರಣ ತಿಳಿದದ್ದು ಅಂದು. ಈಗಲೂ ನಾನು ಮಳೆ ಸುರಿಸುತ್ತೇನೆ. ಯಾರಾದರೂ ಬಾಯಿ ತೆರೆದೊಡನೆ ನಿಲ್ಲಿಸುತ್ತೇನೆ.