ಇಪ್ಪತ್ತು ಸಾಲಿನ ಪಟ್ಟಿ

ಷೇರು ವ್ಯಾಪಾರವೆಂಬುದು ಒಂದು ಕಾಲದಲ್ಲಿ ನಗರವಾಸಿಗಳಾದ ಕೆಲವು ಧನಿಕರ ವ್ಯವಹಾರವಾಗಿದ್ದಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಗಣಕಯಂತ್ರದ ಮೂಲಕ ವ್ಯಾಪಾರವನ್ನು ಆರಂಭಿಸಿದ ಮೇಲೆ ಅದರ ರೀತಿಯೇ ಬೇರೆಯಾಯಿತು. 1963ರಲ್ಲಿ ಹುಟ್ಟಿದ ಬೆಂಗಳೂರಿನ ವಿನಿಮಯ ಕೇಂದ್ರವು 2014ರಲ್ಲಿ ಮುಚ್ಚಿತು. ವ್ಯಾಪಾರವು ಮಾತ್ರ ಕಟ್ಟಡವನ್ನು ತೊರೆದು ಜನರ ಅಂಗೈಗೆ ಬಂದು ಕುಳಿತಿತು. ಇಂದು ನಮ್ಮ ಕಾರಿಮಂಗಲದ ತೆಂಗಿನ ತೋಪಿನಲ್ಲಿ ಕುಳಿತವನೂ ಬೆಳಗ್ಗೆ 9-15ಕ್ಕೆ ಕೊಂಡು, ಮಧ್ಯಾಹ್ನ 3-30ರೊಳಗೆ ಮಾರಿಬಿಡಬಹುದು. ಇದನ್ನೇ ದಿನದ ವ್ಯಾಪಾರ ಎನ್ನುವರು.

ನಾವು ಅಕ್ಷರ ಕಲಿಸಿದ ಹುಡುಗನೊಬ್ಬನು ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವನು. ರಾತ್ರಿ ಪಾಳಿಯ ದಿನಗಳಲ್ಲಿ ಹಗಲು ನಿದ್ರೆಗೆಟ್ಟು ಈ ವ್ಯಾಪಾರ ಮಾಡುವುದು ಅವನಿಗೆ ರೂಢಿಯಾಯಿತು. ಕಳೆದ ಬೇಸಿಗೆಯಲ್ಲಿ ಅವನು ತಂದೆಯೊಡನೆ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ತಿಂಗಳು ತಿಂಗಳು ಹಣ ಕಟ್ಟಿದರೆ ಪಟ್ಟಿಯಲ್ಲಿ 20 ಸಾಲು ಕಾಣುತ್ತದಂತೆ. ಅದಿಲ್ಲದೆ ನಾನು ಸೋಲುತ್ತಿದ್ದೇನೆ. ಅಪ್ಪ ಒಂದು ಲಕ್ಷ ಕೊಟ್ಟರೆ ಸರಿಹೋಗುತ್ತದೆ,” ಎಂದನು. ಆ ಒಂದು ಲಕ್ಷವು ತೆಂಗು ಮಾರಿ, ಅವನ ತಂಗಿಯ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣ. ತಂದೆಯು, “ನೀವು ಹೇಳಿದಂತೆ ಮಾಡುತ್ತೇವೆ, ಸ್ವಾಮಿ,” ಎಂದು ಸುಮ್ಮನಾದರು. ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಹೇಳಿಕೊಡುವ ನಾವು ಲೆಕ್ಕ ಮಾಡದೆ ಉತ್ತರ ಹೇಳುವುದು ಧರ್ಮವಲ್ಲವೆಂದು ಒಂದು ವಾರದ ಅವಧಿ ಕೇಳಿಕೊಂಡೆವು.

ಈ ಪಟ್ಟಿಗೆ ಆರ್ಡರ್ ಬುಕ್ ಎಂದು ಹೆಸರು. ಒಂದು ಕಡೆ ಕೊಳ್ಳುವವರು, ಇನ್ನೊಂದು ಕಡೆ ಮಾರುವವರು, ಯಾವ ಯಾವ ಬೆಲೆಗೆ ಎಷ್ಟೆಷ್ಟು ಷೇರು ಕೇಳಿ ನಿಂತಿರುವರೆಂಬುದನ್ನು ಅದು ತೋರುವುದು. ಎರಡೂ ಕಡೆಯ ಮೊದಲ 5 ಸಾಲುಗಳು ಸಾಮಾನ್ಯವಾಗಿ ಉಚಿತವಾಗಿಯೇ ಕಾಣುವುವು. ಹೆಚ್ಚಿನ ಉಪಕರಣಗಳು 20 ಸಾಲುಗಳನ್ನೂ, ಕೆಲವು ಅದಕ್ಕಿಂತ ಅಧಿಕವನ್ನೂ ತೋರಿ, ದೊಡ್ಡ ಬೇಡಿಕೆಗಳಿಗೆ ಬಣ್ಣ ಬಳಿದು ಕೊಡುವುವು. ದೂರ ಕಂಡಷ್ಟೂ ಒಳ್ಳೆಯದಲ್ಲವೆ ಎಂಬುದು ಹುಡುಗನ ವಾದ.

ಕಂಡುದು ಎಷ್ಟು ನಿಜ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ನಮ್ಮ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ವಾಚಕರು ಬಲ್ಲರು. ಬಾಯಲ್ಲಿ ಕೂಗುವ ಬೆಲೆ ಒಂದು, ಬಟ್ಟೆಯ ಕೆಳಗಿನ ಬೆಲೆ ಮತ್ತೊಂದು. ಷೇರು ಪೇಟೆಯಲ್ಲಿಯೂ ಅಂಥ ಟವಲುಂಟು. ನಿಯಮದ ಪ್ರಕಾರವೇ, ಕೊಳ್ಳುವವನು ತನ್ನ ಬೇಡಿಕೆಯ ಹತ್ತನೆಯ ಒಂದು ಭಾಗವನ್ನಷ್ಟೇ ತೋರಿ ಉಳಿದುದನ್ನು ಮರೆಮಾಡಬಹುದು. 10,000 ಷೇರು ಬೇಕಾದವನು ಪಟ್ಟಿಯಲ್ಲಿ 1,000 ಕೇಳುವವನಂತೆ ನಿಲ್ಲುವನು. 20 ಸಾಲಿರಲಿ, 200 ಸಾಲಿರಲಿ, ಮರೆಯಲ್ಲಿರುವ 9,000 ಯಾವ ಸಾಲಿನಲ್ಲಿಯೂ ಕಾಣದು.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಕೊಳ್ಳುವ ಅಥವಾ ಮಾರುವ ಮನಸ್ಸೇ ಇಲ್ಲದೆ ದೊಡ್ಡ ಬೇಡಿಕೆ ಇಟ್ಟು, ನೋಡಿದವರು ಹೆದರಿ ಓಡುವಂತೆ ಮಾಡಿ, ಕೂಡಲೇ ಅದನ್ನು ಹಿಂತೆಗೆದುಕೊಳ್ಳುವುದು. ಲಂಡನ್ ನಗರದ ಹೊರವಲಯದಲ್ಲಿ ತಂದೆತಾಯಿಗಳ ಮನೆಯಲ್ಲಿ ಕುಳಿತು ಅಮೆರಿಕದ ಪೇಟೆಯಲ್ಲಿ ಹೀಗೆ ಮಾಡಿದ ನವಿಂದರ್ ಸಿಂಗ್ ಸರಾವ್ ಎಂಬವನು 2015ರಲ್ಲಿ ಬಂಧಿತನಾಗಿ, 2016ರಲ್ಲಿ ಅಪರಾಧವನ್ನು ಒಪ್ಪಿಕೊಂಡನು. ಪಟ್ಟಿಯನ್ನು ನಂಬಿ ನೋಡುವವರು ಇರುವುದರಿಂದಲೇ ಇಂಥ ಮೋಸಕ್ಕೆ ಬೆಲೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಪರಾಂಬರಿಸಲು ವೇಳೆ ಬೇಕು. ದೊಡ್ಡ ಸಂಸ್ಥೆಗಳ ಯಂತ್ರಗಳು ವಿನಿಮಯ ಕೇಂದ್ರದ ಆವರಣದಲ್ಲಿಯೇ ನೆಲೆಸಿ, ಕಣ್ಣು ಮಿಟುಕಿಸುವುದರೊಳಗೆ ಬೇಡಿಕೆಯನ್ನು ಇಟ್ಟು ತೆಗೆಯುವುವು. ನಮ್ಮ ಹುಡುಗನು ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಆ ಸಾಲೇ ಬದಲಾಗಿರುವುದು.

ಇನ್ನು ಲೆಕ್ಕ. 500 ರೂಪಾಯಿಯ 200 ಷೇರು ಕೊಂಡರೆ 1 ಲಕ್ಷ. ಪ್ರತಿ ವ್ಯವಹಾರಕ್ಕೆ 20 ರೂಪಾಯಿ ದಲ್ಲಾಳಿಯಂತೆ ಕೊಳ್ಳಲು, ಮಾರಲು 40. ಮಾರುವಾಗಿನ ವಹಿವಾಟು ತೆರಿಗೆ 25. ಜಿಎಸ್‌ಟಿ, ಸ್ಟಾಂಪ್ ಶುಲ್ಕ, ವಿನಿಮಯ ಕೇಂದ್ರದ ಶುಲ್ಕ ಸೇರಿ ಸುಮಾರು 17. ಒಟ್ಟು 82 ರೂಪಾಯಿ, ಎಂದರೆ ಷೇರು ಒಂದಕ್ಕೆ 41 ಪೈಸೆ. ಇಂಥ ಷೇರಿನ ಬೆಲೆ 5 ಪೈಸೆಯ ಮೆಟ್ಟಿಲಿನಲ್ಲಿ ಏರಿಳಿಯುವುದು. ಸಾಲುಗಳು ಒತ್ತಾಗಿ ನಿಂತಾಗ 5 ಸಾಲು ತೋರುವುದು ಸುಮಾರು 25 ಪೈಸೆಯ ದೂರ, 20 ಸಾಲು ತೋರುವುದು 1 ರೂಪಾಯಿಯ ದೂರ. ಆ ರೂಪಾಯಿಯಲ್ಲಿ 41 ಪೈಸೆ ಮೊದಲೇ ಹೋಯಿತು. ದಿನಕ್ಕೆ 5 ಬಾರಿಯಂತೆ ತಿಂಗಳಿಗೆ 20 ದಿನ ಮಾಡಿದರೆ ಖರ್ಚೇ 8,200 ರೂಪಾಯಿ. ಉಪಕರಣದ ಬಾಡಿಗೆ ಇದರ ಮೇಲೆ.

ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸಾರುವುದು. 2022-23ರಲ್ಲಿ ದಿನದ ವ್ಯಾಪಾರ ಮಾಡಿದ ಪ್ರತಿ 10 ಮಂದಿಯಲ್ಲಿ 7 ಮಂದಿ ನಷ್ಟಗೊಂಡರು. ವರ್ಷಕ್ಕೆ 500ಕ್ಕಿಂತ ಹೆಚ್ಚು ಬಾರಿ ಮಾಡಿದವರಲ್ಲಿ 8 ಮಂದಿ. ಸೋತವರು 100 ರೂಪಾಯಿ ನಷ್ಟದ ಮೇಲೆ ಇನ್ನೂ 57 ರೂಪಾಯಿಯನ್ನು ಖರ್ಚಿಗೇ ತೆತ್ತಿದ್ದರು. 30 ವರ್ಷಕ್ಕೆ ಕೆಳಗಿನವರ ಪಾಲು 2018-19ರಲ್ಲಿ ಶೇಕಡ 18 ಇದ್ದುದು ಶೇಕಡ 48ಕ್ಕೆ ಏರಿತ್ತು. ಇವರು ನಮ್ಮ ನಿಮ್ಮ ತರಗತಿಗಳಿಂದ ಹೋದ ಮಕ್ಕಳೇ ಅಲ್ಲವೆ?

ಉಪಕರಣವು ನಿರರ್ಥಕವೆಂದು ನಾವು ಹೇಳುವುದಿಲ್ಲ. ವಿರಳವಾಗಿ ಮಾರಾಟವಾಗುವ ಷೇರನ್ನು ಸಾವಿರಗಟ್ಟಲೆ ಕೊಳ್ಳುವವನಿಗೆ, ತನ್ನ ಬೇಡಿಕೆಯಿಂದಲೇ ಬೆಲೆ ಎಷ್ಟು ಏರುವುದೆಂದು ಅಳೆಯಲು ಅದು ಬೇಕೇ ಬೇಕು. 200 ಷೇರಿನವನಿಗೆ ಉಚಿತವಾದ 5 ಸಾಲು ಧಾರಾಳವಾಯಿತು. ಸಿಕ್ಕ ಬೆಲೆಗೆ ಕೊಳ್ಳದೆ ತಾನೇ ಬೆಲೆ ನಿಗದಿಮಾಡಿ ಕಾಯುವುದನ್ನು ಕಲಿತರೆ ಆ 5 ಸಾಲಿನಿಂದಲೇ ಅವನಿಗೆ ಪ್ರಯೋಜನ.

ಇಷ್ಟನ್ನೂ ಹಾಳೆಯ ಮೇಲೆ ಬರೆದು ತಂದೆಮಕ್ಕಳಿಗೆ ತೋರಿದೆವು. ಹಳೆಯ ಮೂರು ತಿಂಗಳ ವ್ಯವಹಾರಗಳ ಖರ್ಚನ್ನು ಹುಡುಗನಿಂದಲೇ ಕೂಡಿಸಿದೆವು. ಕೂಡಿಸುತ್ತ ಕೂಡಿಸುತ್ತ ಅವನ ಮಾತು ನಿಂತಿತು. ಅವನ ನಷ್ಟದ ಅರ್ಧಕ್ಕಿಂತ ಹೆಚ್ಚು ಭಾಗ ಆ ಖರ್ಚೇ ಆಗಿದ್ದಿತು. ತಂಗಿಯ ಶುಲ್ಕವನ್ನು ಆ ವಾರವೇ ಕಟ್ಟಿದರು. ಹುಡುಗನು ವ್ಯಾಪಾರವನ್ನು ಪೂರ್ತಿ ಬಿಟ್ಟಿಲ್ಲ. ಸಂಬಳದಲ್ಲಿ ಉಳಿದಷ್ಟರಲ್ಲೇ ಮಾಡುವನೆಂದು ಕೇಳಿರುವೆವು.

ಐದನೆಯ ತರಗತಿಯ ಲಾಭ ನಷ್ಟದ ಪಾಠದಲ್ಲಿ ಕೊಂಡ ಬೆಲೆ, ಮಾರಿದ ಬೆಲೆಗಳನ್ನು ಹೇಳಿ, ನಡುವಣ ಖರ್ಚನ್ನು ನಾವು ಬಹುಮಟ್ಟಿಗೆ ಒಂದು ಸಾಲಿನಲ್ಲಿ ಮುಗಿಸುವೆವು. ಬಂಡಿಯ ಬಾಡಿಗೆ, ದಲ್ಲಾಳಿ, ಸುಂಕ ಇವುಗಳಿಗೆ ಇನ್ನೊಂದು ದಿನವನ್ನು ಮೀಸಲಿಡುವಂತೆ ಉಪಾಧ್ಯಾಯ ಬಂಧುಗಳಲ್ಲಿ ಬಿನ್ನವಿಸುವೆವು. 20 ಸಾಲಿನ ಪಟ್ಟಿ ತೋರಿಸದ ಸಾಲು ಅದೊಂದೇ.