ಯಾರೂ ಇಲ್ಲದ ಕಡಲತೀರ



ನಿಮ್ಮ ವಯಸ್ಸಿನಲ್ಲಿ ನಾವು ಪ್ರವಾಸ ಹೊರಟರೆ ಜೊತೆಗಿರುತ್ತಿದ್ದುದು ಒಂದು ಹೋಲ್ಡಾಲು, ಒಂದು ತಗಡಿನ ಟ್ರಂಕು, ಒಂದು ನೀರಿನ ಕೂಜಾ. ನೀವು ಈಗ ಅಡುಗೆಮನೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವನ್ನೂ ಎರಡು ಚಕ್ರದ ಮೇಲೆ ಕೂರಿಸಿ, ಜೀಪಿನ ಬಾಲಕ್ಕೆ ಕಟ್ಟಿಕೊಂಡು ಹೊರಡುವ ಮಾತಾಡುತ್ತೀರಿ. ಇದಕ್ಕೆ ‘ಆಫ್ ರೋಡ್ ಟ್ರೇಲರ್’ ಎಂಬ ಹೆಸರಿದೆಯೆಂದು ನನಗೆ ತಿಳಿಸಿಕೊಟ್ಟವಳು ನನ್ನ ಮಗಳು. ರಸ್ತೆಯೇ ಇಲ್ಲದ ಕಡೆ ಹೋಗುವ ಗಾಡಿಯಂತೆ! ನಮ್ಮೂರಿನಲ್ಲಿ ಅದನ್ನು ಎತ್ತಿನ ಗಾಡಿ ಎನ್ನುತ್ತಿದ್ದರು.

ತಮಾಷೆ ಸಾಕು. ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ಷೆಡ್ಡು ಇಟ್ಟುಕೊಂಡು ಮೂವತ್ತು ವರ್ಷ ಕಬ್ಬಿಣ ಕತ್ತರಿಸಿದವನಿಗೆ, ಮಗಳೂ ಅವಳ ಮೂವರು ಗೆಳೆಯರೂ ಒಂದು ನಕ್ಷೆ ಹಿಡಿದು ಷೆಡ್ಡಿನ ಬಾಗಿಲಿಗೆ ಬಂದರೆ ಸಂತೋಷವಾಗದೆ ಇರುತ್ತದೆಯೇ? ನಾಲ್ವರೂ ನಮ್ಮ ಸಂಘದ ಮಕ್ಕಳೇ. ರಾಜ್ಯೋತ್ಸವದ ನಾಟಕದಲ್ಲಿ ನೀವೆಲ್ಲ ಅವರನ್ನು ನೋಡಿದ್ದೀರಿ. ನಕ್ಷೆ ಬಿಡಿಸುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಿಗೆ?”

“ಯಾರೂ ಇಲ್ಲದ ಬೀಚಿಗೆ, ಅಪ್ಪ” ಎಂದಳು. ಫೋನಿನಲ್ಲಿ ಉಪಗ್ರಹದ ಚಿತ್ರ ತೋರಿಸಿದಳು. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ, ನಡುವೆ ಮರಳಿನ ಬಿಳಿ ಗೆರೆ. ಗೆರೆಯ ಮೇಲೆ ಒಂದು ಕೆಂಪು ಗುರುತು. ಕನ್ನಡಕ ಏರಿಸಿ ನೋಡಿದೆ. ಅಂಕೋಲಾ ತಾಲೂಕು, ಗಂಗಾವಳಿ ಕಡಲು ಸೇರುವಲ್ಲಿಂದ ಸ್ವಲ್ಪ ಬಡಗಲಿಗೆ. ಅವಳು ಗುರುತು ನೆಟ್ಟ ಜಾಗಕ್ಕೂ ನಾನು ಹುಟ್ಟಿದ ಮನೆಗೂ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ!

“ಯಾರೂ ಇಲ್ಲ ಅಂದೆಯಲ್ಲ, ಅಲ್ಲಿ ನಿನ್ನ ಸೋದರತ್ತೆ ಇದ್ದಾಳಲ್ಲೇ!” ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಎಂಟು ವರ್ಷದವಳಿದ್ದಾಗ ಒಮ್ಮೆ ಹೋಗಿದ್ದಳು. ಆಮೇಲೆ ಪರೀಕ್ಷೆ, ಟ್ಯೂಷನ್ನು, ಮದುವೆಗಳೆಲ್ಲ ಹುಬ್ಬಳ್ಳಿಯ ಛತ್ರಗಳಲ್ಲಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ತೆಂಗಿನ ಗರಿಗಳ ಕೆಳಗಿನ ಹಂಚಿನ ಮಾಡು ಕಾಣುವುದಿಲ್ಲ, ಅದು ಅವಳ ತಪ್ಪಲ್ಲ. ಆದರೆ ನಿಮ್ಮಲ್ಲಿ ಹಲವರು ಇಂಥ ಕೆಂಪು ಗುರುತುಗಳನ್ನು ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದೇನೆ. ಆದ್ದರಿಂದ ಈ ಬರಹ.

ಮೊದಲು ಗಾಡಿಯ ವಿಚಾರ, ಯಾಕೆಂದರೆ ಅದು ನನಗೆ ಗೊತ್ತು. ವೆಲ್ಡಿಂಗ್ ಮುಗಿದು ಬಣ್ಣ ಬಳಿದ ಮಾತ್ರಕ್ಕೆ ಟ್ರೇಲರು ರಸ್ತೆಗಿಳಿಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನ ಎಂದೇ ಎಣಿಸುತ್ತದೆ. ಅದಕ್ಕೆ ತನ್ನದೇ ನೋಂದಣಿ, ತನ್ನದೇ ನಂಬರು, ಹಿಂದಿನ ದೀಪಗಳು ಬೇಕು. ಷೆಡ್ಡಿನಲ್ಲಿ ಒಂದು ದಿನ ಕುಳಿತು ಮಾಡಿಬಿಡೋಣ ಅಂಕಲ್ ಎನ್ನುವವರು ಮೊದಲು ಆರ್.ಟಿ.ಒ. ಕಚೇರಿಯ ಮೆಟ್ಟಿಲು ಹತ್ತಿ ಬನ್ನಿ. ಎರಡನೆಯದು, ನಿಮ್ಮ ಜೀಪು ಎಷ್ಟು ತೂಕ ಎಳೆಯಬಲ್ಲದು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಗೆಳೆಯನ ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಇನ್ನು ತೂಕ ಹಂಚುವ ಬಗೆ. ಮಕ್ಕಳ ನಕ್ಷೆಯಲ್ಲಿ 60 ಲೀಟರಿನ ನೀರಿನ ಟ್ಯಾಂಕು ಟ್ರೇಲರಿನ ಹಿಂತುದಿಯಲ್ಲಿತ್ತು, ನಲ್ಲಿ ಹಿಂದೆ ಇದ್ದರೆ ಪಾತ್ರೆ ತೊಳೆಯಲು ಅನುಕೂಲವೆಂದು. ನಾನು ಪೆನ್ಸಿಲು ತೆಗೆದು ಅದನ್ನು ಅಚ್ಚಿನ ಮೇಲಕ್ಕೆ ತಂದೆ. ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. 550 ಕಿಲೋ ಗಾಡಿಯಾದರೆ 55 ಕಿಲೋ. ಒಟ್ಟು ತೂಕಕ್ಕೆ ನಮ್ಮ ಬೀದಿಯ ಧರ್ಮಕಾಂಟಾ ಇದೆ; ಕೊಂಡಿಯ ತೂಕಕ್ಕೆ ಮನೆಯಲ್ಲಿ ನಿಮ್ಮ ಅಮ್ಮ ದಿನಾ ಹತ್ತಿ ಬೇಸರಪಡುವ ಆ ಸಣ್ಣ ತಕ್ಕಡಿಯೇ ಸಾಕು. ಹಿಂಭಾರವಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರು ಹಾವಿನ ಬಾಲದಂತೆ ಓಲಾಡಲು ಹಿಡಿಯುತ್ತದೆ, ಕೊನೆಗೆ ಬಾಲವೇ ಹಾವನ್ನು ತಿರುಗಿಸಿ ಎಸೆಯುತ್ತದೆ. ಓಲಾಟ ಶುರುವಾದರೆ ಬ್ರೇಕು ಒದೆಯಬೇಡಿ, ಸ್ಟೀರಿಂಗು ಕುಣಿಸಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ತಾನಾಗಿ ನಿಧಾನವಾಗಲು ಬಿಡಿ.

ಚಕ್ರದ ಹಬ್ಬನ್ನು ಪ್ರತಿ ನಿಲುಗಡೆಯಲ್ಲೂ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗು ಕೂಗುತ್ತಿದೆ ಎಂದರ್ಥ. ನೂರಾರು ಕಿಲೋಮೀಟರು ಓಡಿ ಕಾದ ಹಬ್ಬನ್ನು ನೇರ ಉಪ್ಪುನೀರಿಗೆ ಇಳಿಸಿದರೆ, ಒಳಗಿನ ಗಾಳಿ ತಣಿದು ಕುಗ್ಗುವಾಗ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಗ್ರೀಸು ಹಾಲಿನಂತೆ ಬೆಳ್ಳಗಾಗುತ್ತದೆ; ಮರಳುವ ದಾರಿಯಲ್ಲಿ ಘಟ್ಟದ ನಡುವೆ ಚಕ್ರ ಹಿಡಿದುಕೊಳ್ಳುತ್ತದೆ. ಚೌಕದ ಪೈಪುಗಳ ಕಥೆಯೂ ಅಷ್ಟೆ: ಒಂದೋ ತುದಿ ಪೂರ್ತಿ ಮುಚ್ಚಬೇಕು, ಇಲ್ಲವೇ ಕೆಳಗೆ ತೂತು ಕೊರೆದು ನೀರು ಹರಿಯಲು ಬಿಡಬೇಕು. ಅರೆಮುಚ್ಚಿದ ಪೈಪು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಬಣ್ಣ ಮಾತ್ರ ಮದುಮಗನಂತೆ ಹೊಳೆಯುತ್ತಿರುತ್ತದೆ.

ದಾರಿ ಸುಮಾರು 600 ಕಿಲೋಮೀಟರು. ಶಂಷಾಬಾದು, ಜಡ್ಚರ್ಲಾ, ಮಹಬೂಬನಗರ, ಮಕ್ತಲ್ ಕಳೆದು ಕೃಷ್ಣೆ ದಾಟಿದರೆ ರಾಯಚೂರು. ಹೊಳೆಯ ಈಚೆ, ತೆಲಂಗಾಣದ ಕೃಷ್ಣಾ ಮಂಡಲದ ಹಳ್ಳಿಗಳಲ್ಲೂ ಕನ್ನಡ ಕಿವಿಗೆ ಬೀಳುತ್ತದೆ. ಚಹಾಕ್ಕೆ ಅಲ್ಲಿ ಇಳಿಯಿರಿ. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಹಾಗಾಗಿ ನಮ್ಮ ಕೆಲವು ಹಿರಿಯರಿಗೆ ಅದು ಪರ ಊರು ಅನಿಸಿದ್ದೇ ಇಲ್ಲ. ಆಮೇಲೆ ಲಿಂಗಸುಗೂರು, ಕುಷ್ಟಗಿ, ಗದಗ, ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ರಾತ್ರಿ ತಂಗಲೇಬೇಕು. ಯಲ್ಲಾಪುರ ದಾಟಿದ ಮೇಲಿನ ಅರಬೈಲ್ ಘಟ್ಟವನ್ನು ಬೆಳಕಿನಲ್ಲಿ, ಕೆಳಗಿನ ಗೇರಿನಲ್ಲಿ ಇಳಿಯಿರಿ. ಏರುವಾಗ ಟ್ರೇಲರು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಇಳಿಯುವಾಗ ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ. ಬ್ರೇಕೊಂದನ್ನೇ ನಂಬಿದರೆ ಅರ್ಧ ಘಟ್ಟದಲ್ಲೇ ಸುಟ್ಟ ವಾಸನೆ. ಧಾರವಾಡದ ಬಳಿ ಹುಟ್ಟಿದ ಬೇಡ್ತಿ ಹೊಳೆ ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯೆಂದು ಹೆಸರು ಬದಲಿಸಿಕೊಂಡು ನಿಮಗಿಂತ ಮೊದಲೇ ಕಡಲು ಮುಟ್ಟಿರುತ್ತದೆ.

ಮಳೆಗಾಲದಲ್ಲಿ ಮಾತ್ರ ಈ ಯೋಚನೆಯೇ ಬೇಡ. 2024ರ ಜುಲೈ 16ರಂದು ಅದೇ ಗಂಗಾವಳಿಯ ದಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿಯ ಸಂಸಾರ ಹೋಯಿತು. ಹೊಳೆಯ ತಳದಿಂದ ಒಂದು ಲಾರಿಯನ್ನು ಮೇಲೆತ್ತುವಾಗ ಸೆಪ್ಟೆಂಬರ್ ಬಂದಿತ್ತು. ನಾನು ಹುಡುಗನಾಗಿ ಎಷ್ಟೋ ಸಲ ನಡೆದು ದಾಟಿದ ಜಾಗ ಅದು.

ಮಳೆ ನಿಂತ ಮೇಲೆ ಕಡಲು ಸಾಧುವಾಗುತ್ತದೆ ಎಂದುಕೊಳ್ಳಬೇಡಿ. ಅದೇ 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆರನೆಯ ತರಗತಿಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವನೂ ಹಾಗೆಯೇ ಹೋದ. ಮೀನುಗಾರರ ಮನೆಯ ಹುಡುಗ, ಈಜು ಬಲ್ಲವನು, ನವೆಂಬರಿನ ಒಂದು ಶಾಂತ ಸಂಜೆ. ದಡಕ್ಕೆ ಬಡಿದ ನೀರು ಹಿಂದಿರುಗಲು ಒಂದು ಕಿರಿದಾದ ಓಣಿ ಮಾಡಿಕೊಳ್ಳುತ್ತದೆ. ಅಕ್ಕಪಕ್ಕದಲ್ಲಿ ತೆರೆ ಒಡೆಯುತ್ತಿರುವಾಗ ಒಂದು ಪಟ್ಟಿಯಲ್ಲಿ ಮಾತ್ರ ತೆರೆಯಿಲ್ಲದೆ, ಬಣ್ಣ ಕಪ್ಪಾಗಿ, ನೊರೆ ಹೊರಕ್ಕೆ ತೇಲುತ್ತಿದ್ದರೆ ಅದೇ ಆ ಓಣಿ. ಹೊಸಬರು ‘ಇಲ್ಲಿ ಅಲೆಯಿಲ್ಲ’ ಎಂದು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬಾರದು. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ, ಓಣಿಯಿಂದ ಹೊರಬಂದ ಮೇಲೆ ಒಳಕ್ಕೆ ತಿರುಗಬೇಕು. ಕಾಪಾಡುವವರು ಇಲ್ಲದ ತೀರ ಬೇಕೆಂದು ಹುಡುಕಿಕೊಂಡು ಹೊರಟವರಿಗೆ ಇಷ್ಟಾದರೂ ಬಾಯಿಪಾಠ ಆಗಿರಲಿ.

ಈಗ ಮರಳಿನ ಮಾತು. ನಿಮಗೆಲ್ಲ ಗೊತ್ತಿರುವ ಯುಕ್ತಿ: ಟೈರಿನ ಗಾಳಿಯನ್ನು ಮೂವತ್ತು ಚಿಲ್ಲರೆಯಿಂದ ಹದಿನಾರು ಹದಿನೆಂಟು ಪೌಂಡಿಗೆ ಇಳಿಸಿದರೆ ಟೈರು ಹರವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಟ್ರೇಲರಿನ ಟೈರಿಗೂ ಅದೇ ಲೆಕ್ಕ. ಎರಡೂ ಗಾಡಿಗಳ ಚಕ್ರದ ಅಂತರ ಒಂದೇ ಇದ್ದರೆ ಟ್ರೇಲರು ಜೀಪಿನ ಜಾಡಿನಲ್ಲೇ ಬರುತ್ತದೆ, ಇಲ್ಲದಿದ್ದರೆ ಲಂಗರಿನಂತೆ ಹೂತು ನಿಲ್ಲುತ್ತದೆ. ತೋಟದ ನಡುವಿನ ಮರಳುದಾರಿಗೆ ಈ ವಿದ್ಯೆ ಬೇಕೇ ಬೇಕು. ಆದರೆ ಬೀಚಿನ ಮೇಲೆ ಇದನ್ನು ತೋರಿಸಬೇಡಿ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಇದಕ್ಕೇ ಮಗಳು ಎರಡು ದಿನ ಮಾತು ಬಿಟ್ಟಳು: “ಮರಳಿಗೆಂದೇ ಕಟ್ಟುವ ಗಾಡಿಯನ್ನು ಮರಳಿಗೆ ಒಯ್ಯಬೇಡ ಅಂದರೆ ಹೇಗೆ?”

ಹೇಗೆಂದರೆ, ನೀವು ರಜೆ ಹಾಕುವ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರದಲ್ಲಿ ಮೊಟ್ಟೆಯಿಡುವ ಕಾಲ. ಕಾರವಾರದ ದೇವಬಾಗ, ಮಾಜಾಳಿ, ಅಂಕೋಲಾ, ಹೊನ್ನಾವರದ ಕಾಸರಕೋಡು ಟೊಂಕ, ಎಲ್ಲೆಡೆಯೂ. ಭರತದ ನೀರು ಮುಟ್ಟದ ಎತ್ತರದಲ್ಲಿ, ಅಂದರೆ ನೀವು ಗಾಡಿ ನಿಲ್ಲಿಸಲು ಆರಿಸುವ ಅದೇ ಒಣಮರಳಿನಲ್ಲಿ ಆಮೆ ಗುಂಡಿ ತೋಡುತ್ತದೆ. ಮೇಲೆ ಮರಳು ಮುಚ್ಚಿ ಹೋದರೆ ಸುಮಾರು 50 ದಿನ ಅಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಹೊರಬಂದ ಮರಿಗಳು ಬೆಳಕಿನ ಕಡೆ ನಡೆಯುತ್ತವೆ. ಕಡಲ ಮೇಲಿನ ಮಿಣುಕೇ ಅವಕ್ಕೆ ದಾರಿ. ನಿಮ್ಮ ಟೆಂಟಿನ ದೀಪ ಕಂಡರೆ ಅವು ಅತ್ತ ತಿರುಗುತ್ತವೆ. ಚಕ್ರದ ಜಾಡು ನಮಗೆ ನಾಲ್ಕು ಬೆರಳಿನ ಗುಂಡಿ, ಅಂಗೈಯಲ್ಲಿ ಹಿಡಿಸುವ ಆ ಮರಿಗೆ ಕೋಟೆಯ ಕಂದಕ. ಆಮೆಯ ತಾಣಗಳನ್ನೂ ಮರಳು ದಿಬ್ಬಗಳನ್ನೂ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅತಿ ಸೂಕ್ಷ್ಮ ವರ್ಗದಲ್ಲಿಟ್ಟಿದೆ. ಆ ಗೂಡುಗಳನ್ನು ಅರಣ್ಯ ಇಲಾಖೆಯ ಜೊತೆ ನಿಂತು ಕಾಯುವವರು ಹೆಚ್ಚಾಗಿ ಅಲ್ಲಿಯ ಮೀನುಗಾರರೇ.

ಅವರ ಮಾತು ಬಂದಿತಲ್ಲ. ಬೆಳಗಿನ ಐದು ಗಂಟೆಗೆ ನಿಮ್ಮ ‘ಯಾರೂ ಇಲ್ಲದ’ ತೀರಕ್ಕೆ ಬನ್ನಿ. ಪಾತಿದೋಣಿ ತಳ್ಳುವವರು, ದಡದಿಂದ ಬಲೆ ಎಳೆಯುವವರು, ಬುಟ್ಟಿ ಹಿಡಿದು ಕಾಯುವ ಹೆಂಗಸರು. ಬಿಸಿಲೇರಿದರೆ ಅದೇ ಮರಳು ಮೀನು ಒಣಗಿಸುವ ಅಂಗಳ. ಅಲ್ಲಿ ಜೀಪು ಓಡಿಸುವುದೆಂದರೆ, ನೀವು ಹಪ್ಪಳ ಹಾಕಿದ ತಾರಸಿಯ ಮೇಲೆ ಯಾರೋ ಸ್ಕೂಟರು ಓಡಿಸಿದ ಹಾಗೆ.

ಹಾಗಾದರೆ ಎಲ್ಲಿ ಬಿಡಾರ? ತೀರದ ಹಿಂದೆ ಗಾಳಿಮರದ ಸಾಲು, ಅದರ ಹಿಂದೆ ತೆಂಗಿನ ಹಿತ್ತಿಲು. ಯಾರದಾದರೂ ಹಿತ್ತಿಲಲ್ಲಿ ಗಾಡಿ ನಿಲ್ಲಿಸಿ ನಡೆದು ಕಡಲಿಗೆ ಹೋಗಬಹುದು. ಬಾವಿಯ ನೀರಿದೆ, ಕಕ್ಕಸಿದೆ, ರಾತ್ರಿ ಜ್ವರ ಬಂದರೆ ಅಂಕೋಲೆಗೆ ದಾರಿ ತೋರಿಸುವವರಿದ್ದಾರೆ. ಇದಕ್ಕೆ ಬುಕಿಂಗು ಇಲ್ಲ, ಕೇಳಬೇಕು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಅಂಗಳಕ್ಕೆ ಹೋಗಿ, “ಅಮ್ಮಾ, ಹೈದರಾಬಾದಿನಿಂದ ಬಂದೆವು, ಎರಡು ರಾತ್ರಿ ಇಲ್ಲಿ ಇರಬಹುದಾ?” ಎನ್ನಿ. ನಡುವೆ ತೆಲುಗು ನುಸುಳಿದರೂ ಚಿಂತೆಯಿಲ್ಲ. ಅವರ ಮನೆಮಾತು ಕೊಂಕಣಿಯೂ ಆಗಿರಬಹುದು. “ಯಾರ ಪೈಕಿ?” ಎಂದು ಮೊದಲು ಕೇಳುತ್ತಾರೆ. ಅದನ್ನು ವಿಚಾರಣೆ ಎಂದು ತಿಳಿಯಬೇಡಿ. ಅಪ್ಪನ ಹೆಸರು, ಅಜ್ಜಿಯ ಊರು ಹೇಳಿ. ಮೂರು ನಿಮಿಷದಲ್ಲಿ ಯಾವುದಾದರೊಂದು ಸಂಬಂಧ ಹುಡುಕಿ ನಿಮಗೆ ಎಳನೀರು ಕೊಡದಿದ್ದರೆ ಆ ಊರು ನಮ್ಮ ಜಿಲ್ಲೆಯದಲ್ಲ. ಹೊರಡುವಾಗ ನಿಮ್ಮ ಕಸ ನಿಮ್ಮ ಟ್ರೇಲರಿನಲ್ಲೇ ವಾಪಸು ಬರಬೇಕು, ಅಷ್ಟು ಜಾಗ ನಕ್ಷೆಯಲ್ಲಿ ಮೊದಲೇ ಬಿಡಿ.

ಅಕ್ಕನಿಗೆ ಫೋನು ಮಾಡಿ ವಿಷಯ ಹೇಳಿದೆ. “ಗಾಡಿ ಒಳಗೆ ಮಲಗ್ತಾರಂತಾ? ಮನೆ ಇರ್ಬೇಕಾದ್ರೆ?” ಎಂದವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹದಿನಾಲ್ಕು ವರ್ಷದ ಮೇಲೆ ಬರುವ ಸೊಸೆ ತನ್ನ ಮಾಡಿನ ಕೆಳಗೆ ಮಲಗುವುದಿಲ್ಲ ಎಂಬುದು ಅವಳಿಗೆ ಸಣ್ಣ ಮಾತಲ್ಲ. ನಾನು ಫೋನನ್ನು ಮಗಳ ಕೈಗೆ ಕೊಟ್ಟು ಷೆಡ್ಡಿನ ಹೊರಗೆ ಹೋದೆ. ಅರ್ಧ ಗಂಟೆ ಮಾತಾಡಿದರು. ತೀರ್ಮಾನ ಹೀಗಾಯಿತು: ಟ್ರೇಲರು ಅತ್ತೆಯ ಹಿತ್ತಿಲಲ್ಲಿ, ಮೊದಲ ರಾತ್ರಿಯ ಊಟ, ನಿದ್ದೆ ಮನೆಯಲ್ಲಿ, ಮುಂದಿನ ಎರಡು ರಾತ್ರಿ ಅವರ ಇಷ್ಟ. ಎರಡನೆಯ ರಾತ್ರಿ ಅತ್ತೆಯೂ ಟೆಂಟಿನೊಳಗೆ ಒಮ್ಮೆ ಕೂತು ನೋಡುತ್ತಾಳಂತೆ.

ಉಳಿದಿರುವುದು ಒಂದೇ ತೊಡಕು. ಮಕ್ಕಳ ನಕ್ಷೆಯಲ್ಲಿ ಎರಡು ಬದಿಯ ಪೆಟ್ಟಿಗೆ ಸೇರಿ ಟ್ರೇಲರಿನ ಅಗಲ ಆರೂವರೆ ಅಡಿ. ಪೆಟ್ಟಿಗೆ ತೆಗೆದರೆ ಚಕ್ರದ ಹೊರಗಿನಿಂದ ಹೊರಗೆ 5 ಅಡಿ 8 ಅಂಗುಲ. ಜೀಪನ್ನು ಹೊರಗೇ ಬಿಟ್ಟು, ಟ್ರೇಲರನ್ನು ಜಾಕಿ ಚಕ್ರದ ಮೇಲೆ ಕೈಯಿಂದ ತಳ್ಳಿ ಒಳಗೆ ಒಯ್ಯಬಹುದು. ಹಿತ್ತಿಲ ದಣಪೆಯ ಅಗಲ ಎಷ್ಟು ಎಂದು ಕೇಳಿದರೆ ಅಕ್ಕ ಎದ್ದು ಹೋಗಿ ಅಳೆದು ಬಂದು, “ನಾಲ್ಕು ಮೊಳ, ತಮ್ಮಾ” ಎಂದಳು. ಮೊಳಕ್ಕೆ 18 ಅಂಗುಲವಾದರೆ ಆರು ಅಡಿ, ಸಲೀಸಾಗಿ ಹಿಡಿಸುತ್ತದೆ. ಆದರೆ ಅಕ್ಕ ಗಿಡ್ಡಿ, ಅವಳ ಮೊಳ 16 ಅಂಗುಲ ದಾಟುವುದು ಸಂಶಯ. ಪಕ್ಕದ ಮನೆಯ ಹುಡುಗ ಭಾನುವಾರ ಟೇಪು ತರುತ್ತಾನಂತೆ. ಅಲ್ಲಿಯವರೆಗೆ ಚ್ಯಾನಲ್ಲು ಕತ್ತರಿಸಬೇಡ ಎಂದು ಮಗಳಿಗೆ ಹೇಳಿದ್ದೇನೆ.