ಸಜ್ಜೆ ಮಲಗಿಸಿ ಗೆಣಸು ನೆಡು

ಪ್ರೀತಿಯ ಪುಟ್ಟಿ,

ನಿನ್ನ ಫೋನು ಇಟ್ಟ ಮೇಲೂ ಆ ಸೊಂಟನೋವಿನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಒಂದು ಸಾಲು ಕಳೆ ಕಿತ್ತು ಮುಗಿಸುವಷ್ಟರಲ್ಲಿ ಹಿಂದಿನ ಸಾಲಲ್ಲಿ ಅಣ್ಣೆಸೊಪ್ಪು ಮತ್ತೆ ತಲೆ ಎತ್ತಿರುತ್ತೆ. ಅದರ ಸಂಕಟ ನನಗೆ ಗೊತ್ತು ಕಣೇ. ಮೊದಲು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೋ, ಆಮೇಲೆ ಇದನ್ನು ಓದು.

ಕಳೆ ಬರದಂತೆ ಗೆಣಸಿಗೆ ರಾಗಿಹುಲ್ಲು ಹೊದಿಸಲಾ ಅಂತ ಕೇಳಿದೆಯಲ್ಲ, ಬೇಡ. ನಿಮ್ಮ ಪಾವಗಡದ ಕಡೆ ವರ್ಷಕ್ಕೆ 600 ಮಿಲಿಮೀಟರೂ ಮಳೆ ಆಗಲ್ಲ. ಬೇಸಿಗೆಯಲ್ಲಿ ಆ ಬಣವೆಯನ್ನೇ ನಂಬಿದ ಹಸುಗಳ ಬಾಯಿಂದ ಹುಲ್ಲು ಕಿತ್ತು ಹೊಲಕ್ಕೆ ಹಾಕೋಕೆ ನನಗಂತೂ ಮನಸ್ಸು ಬರಲ್ಲ. ಹೊದಿಕೆಯನ್ನು ಆ ಹೊಲದಲ್ಲೇ ಬೆಳೆದುಕೋ.

ಮೊದಲ ಹದಮಳೆಗೆ ಬೋದು ಎಳೆದಿಟ್ಟುಬಿಡು. ಆಮೇಲೆ ಎಳೆದರೆ ಹೊದಿಕೆಯೆಲ್ಲ ಮಣ್ಣಲ್ಲಿ ಹೂತುಹೋಗುತ್ತೆ. ಅದರ ಮೇಲೆ ಸಜ್ಜೆಯನ್ನು ಮಾಮೂಲಿಗಿಂತ ಒತ್ತಾಗಿ ಎರಚು. ಐವತ್ತು ದಿನದ ಆಸುಪಾಸಿಗೆ ತೆನೆ ಹೂವಾಡುತ್ತೆ, ಆಗ ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸು. ಎಳೆಯದನ್ನು ಕೊಯ್ದರೆ ಮತ್ತೆ ಚಿಗುರುತ್ತೆ. ಕಾಳು ಕಟ್ಟಲು ಬಿಟ್ಟರೆ ಸಜ್ಜೆಯೇ ಕಳೆಯಾಗುತ್ತೆ. ಹೊದಿಕೆ ನಾಲ್ಕು ಬೆರಳು ದಪ್ಪ ಇರಲಿ, ಅದರ ನಡುವೆಯೇ ಗೆಣಸಿನ ಬಳ್ಳಿ ನೆಡು. ಸಣ್ಣ ಕಳೆಬೀಜಗಳು ಮೊಳೆಯಲು ಬೆಳಕು ಬೇಕು, ಅದು ಸಿಗದಿದ್ದರೆ ಎಷ್ಟೋ ಬೀಜ ಸುಮ್ಮನೆ ಬಿದ್ದಿರುತ್ತವೆ. ಮೊದಲ ಒಂದೂವರೆ ತಿಂಗಳು ತಡೆದರೆ ಸಾಕು, ಮುಂದೆ ಗೆಣಸಿನ ಬಳ್ಳಿಯೇ ನೆಲ ಮುಚ್ಚಿಕೊಳ್ಳುತ್ತೆ.

ಅಮೆರಿಕದ ರೋಡೇಲ್ ಸಂಸ್ಥೆಯವರು ರೈ ಅನ್ನೋ ಧಾನ್ಯ ಬೆಳೆದು, ಉರುಳೆ ಹೊಡೆದು ಹೀಗೇ ಮಲಗಿಸಿ ಅದರೊಳಗೆ ಸೋಯಾ ಬಿತ್ತುತ್ತಾರೆ. ಅಷ್ಟು ದೂರ ಯಾಕೆ, ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಮಣ್ಣಿಗೆ ಹೊದಿಕೆ ಬೇಕು ಅಂತ ಬಂದವರಿಗೆಲ್ಲ ಹೇಳುತ್ತಿದ್ದರು.

ಈ ಹೊದಿಕೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಬಿಸಿಲಿಗೆ ನಮ್ಮ ಕೆಂಪುಮಣ್ಣು ಬಿರಿಯುತ್ತಲ್ಲ, ಆ ಬಿರುಕಲ್ಲೇ ಮೂತಿಹುಳು ಗೆಡ್ಡೆಗೆ ಇಳಿಯೋದು. ಹೊದಿಕೆಯಡಿ ಕೈಯಿಟ್ಟು ನೋಡು, ನಡುಮಧ್ಯಾಹ್ನವೂ ಮಣ್ಣು ತಣ್ಣಗೆ, ಪುಡಿಪುಡಿಯಾಗಿರುತ್ತೆ. ಬಿರುಕು ಬೀಳೋದೇ ಕಡಿಮೆ. ಒಂದೇ ಭಯ ಗೆದ್ದಲಿನದು, ಅದಕ್ಕೆ ಬೇವಿನಹಿಂಡಿ ಹಾಕು. ಯೂರಿಯಾ ಸುರಿಯಬೇಡ, ಸುರಿದರೆ ಬಳ್ಳಿ ಕೊಬ್ಬಿ ಗೆಡ್ಡೆ ಸೊರಗುತ್ತೆ.

ಕ್ಯಾರೆಟ್ಟಿಗೂ ಇದನ್ನೇ ಮಾಡ್ತೀನಿ ಅಂತ ಹೊರಡಬೇಡ, ಮದುವೆಮನೆಯಲ್ಲಿ ಕ್ಯಾರೆಟ್ ಹಲ್ವಾಕ್ಕೋಸ್ಕರ ಎರಡು ಪಂಕ್ತಿಗೆ ಕೂತವಳೇ! ಆ ಪುಟ್ಟ ಬೀಜಕ್ಕೆ ಬೇಕಾದ್ದು ನುಣುಪು ಮಣ್ಣು, ಹೊದಿಕೆಯಡಿ ಅದೂ ಕಳೆಬೀಜದ ಪಾಡೇ ಪಡುತ್ತೆ. ಸಜ್ಜೆ ಸಿಗಲಿಲ್ಲವೆಂದು ಜೋಳ ಹಾಕಿದರೆ ಅದರ ಬೇರಿನಿಂದ ಒಸರುವ ರಸವೂ ಸಣ್ಣ ಬೀಜಗಳನ್ನು ಅದುಮುತ್ತೆ. ಜೋಳ ಕೊಯ್ದ ಮೇಲೆ ಬರುವ ಎಳೆ ಚಿಗುರಿಗೆ ಮಾತ್ರ ಹಸು ಬಿಡಬೇಡ ಕಣಮ್ಮಾ, ಅದರಲ್ಲಿ ವಿಷ ಇರುತ್ತೆ.

ಇನ್ನು ಜೇಕು. ಅದು ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ಮೇಲೇಳುವ ಜಾತಿ, ಸಜ್ಜೆಗೆಲ್ಲ ಬಗ್ಗಲ್ಲ. ಅದು ಹೆಚ್ಚಿರುವ ಮೂಲೆ ಬಿಟ್ಟು, ಈ ಸಲ ಬಾವಿ ಪಕ್ಕದ ಪಟ್ಟಿಯಲ್ಲಷ್ಟೇ ಮಾಡಿನೋಡು. ಜೇಕಿನ ಗೆಡ್ಡೆ ಅಗೆದು ತೆಗೆಯೋ ಕೆಲಸಕ್ಕೆ ನಿನ್ನ ಗಂಡನನ್ನು ಇಳಿಸು, ಅವನ ಸೊಂಟ ಚೆನ್ನಾಗೇ ಇದೆಯಲ್ಲ.

ಬಳ್ಳಿ ನನ್ನ ಹತ್ತಿರ ಬೇಕಾದಷ್ಟಿದೆ. ಮಧುಗಿರಿಯಿಂದ ಬರುವ ಬಸ್ಸಿಗೆ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟು ಕಳಿಸ್ತೀನಿ. ಎರಡು ದಿನ ನೆರಳಲ್ಲಿಟ್ಟು ಆಮೇಲೆ ನೆಡು. ಸಜ್ಜೆ ಹೂವಾದ ದಿನ ಫೋನು ಮಾಡು.

ನಿನ್ನ ಅಕ್ಕ